ಮೂರು ಬಟ್ಟಲುಗಳ ನಡುವಿನ ಹೊತ್ತು

ಚಿಗುಸಾ ಕೂತಲ್ಲಿ ಕೂರುವವಳಲ್ಲ. ಕೆಲಸದ ನಡುವೆ ಎದ್ದು ಕಿಟಕಿ ತೆರೆಯುತ್ತಾಳೆ, ಮುಚ್ಚುತ್ತಾಳೆ, ಪೆನ್ಸಿಲಿನ ತುದಿ ಕಚ್ಚುತ್ತಾಳೆ. ಮೇಜಿನ ಕೆಳಗೆ ಅವಳ ಮೊಣಕಾಲು ಕುಣಿಯುತ್ತಲೇ ಇರುತ್ತದೆ.

"ಆ ಕಾಲು ನಿಲ್ಲಿಸೆ ಮಾರಾಯ್ತಿ, ನನ್ನ ಕಂಪ್ಯೂಟರ್ ಪರದೆ ಅಲ್ಲಾಡ್ತಿದೆ," ಎನ್ನುತ್ತೇನೆ.

"ಅದು ನನ್ನ ಮಾತು ಕೇಳಲ್ಲ ಇಕುಯೊ ಸಾನ್. ನೀವೇ ಹೇಳಿ ನೋಡಿ."

ಇಂಥವಳ ಕಸುಬು, ಬೇರೆಯವರಿಗೆ ಸುಮ್ಮನೆ ನಿಲ್ಲುವುದನ್ನು ಕಲಿಸುವುದು. ಕಂಪ್ಯೂಟರಿನೊಳಗಿನ ಊರುಗಳಲ್ಲಿ ಜನ ತಮ್ಮ ಬದಲಿಗೆ ಅವತಾರಗಳನ್ನು ಓಡಾಡಿಸುತ್ತಾರಲ್ಲ, ಅವಕ್ಕೆ ನಾನು ಉಡುಪು ಮಾಡುತ್ತೇನೆ. ಚಿಗುಸಾ ಚಲನೆ ಕೂಡಿಸುತ್ತಾಳೆ. ಬಾಗಿ ವಂದಿಸಿದವರು ಎಷ್ಟು ಹೊತ್ತು ಬಾಗಿರಬೇಕು, ಕ್ಷಮೆ ಕೇಳಿದವರು ಯಾವಾಗ ತಲೆ ಎತ್ತಬೇಕು, ಎಲ್ಲ ಅವಳ ಲೆಕ್ಕ. ಬೇಗ ಎತ್ತಿದರೆ ಬಾಗದೇ ಇದ್ದದ್ದಕ್ಕಿಂತ ಕೆಟ್ಟದು. ಕಾನಾಯಾ ಎಂಬ ಚಹಾ ಬೆಳೆಯುವ ಊರಿನ ಸ್ಟೇಷನ್ನಿನ ಹಿಂದೆ, ಮುಚ್ಚಿಹೋದ ಲಾಂಡ್ರಿಯ ಮಹಡಿಯ ಮೇಲೆ ನಮ್ಮಿಬ್ಬರ ಕೋಣೆ.

ಅದೇ ಬೀದಿಯಲ್ಲಿ ಮಕಿತಾ ಸಾನ್ ಅವರ ಚಹಾ ಎಲೆಯ ಅಂಗಡಿ. ಅಲ್ಲಿ ಬಂದವರಿಗೆಲ್ಲ ರುಚಿ ನೋಡಲು ಚಹಾ ಬಗ್ಗಿಸಿಕೊಡುತ್ತಿದ್ದವರು ತೊಮೊಯೊ ಸಾನ್. ಆಮೇಲೆ ಕಾಯಿಲೆ ಮೊದಲು ಅವರ ಕೈ ತೆಗೆದುಕೊಂಡಿತು, ನಂತರ ಕಾಲು, ಕೊನೆಗೆ ಧ್ವನಿ. ಈಗ ಕಣ್ಣು ಮಾತ್ರ ಅವರ ಮಾತು ಕೇಳುತ್ತದೆ. ಪರದೆಯ ಮೇಲೆ ಒಂದೊಂದೇ ಅಕ್ಷರವನ್ನು ಕಣ್ಣಲ್ಲಿ ಮುಟ್ಟುತ್ತಾರೆ. ವಾಕ್ಯ ಪೂರ್ತಿಯಾದ ಮೇಲೆ ಯಂತ್ರ ಓದಿ ಹೇಳುತ್ತದೆ. ಮಕಿತಾ ಸಾನ್ ಕಂಪ್ಯೂಟರಿನ ಊರಲ್ಲೂ ಒಂದು ಅಂಗಡಿ ತೆರೆದಾಗ ಅಲ್ಲಿ ಅವತಾರದ ರೂಪದಲ್ಲಿ ತೊಮೊಯೊ ಸಾನ್ ಅವರನ್ನೇ ಕೂರಿಸಿದರು.

ತೊಂದರೆ ಆದದ್ದು ನಡುವಿನ ಹೊತ್ತಿನಲ್ಲಿ. ಗಿರಾಕಿ ಏನೋ ಕೇಳುತ್ತಾರೆ. ತೊಮೊಯೊ ಅಕ್ಷರ ಹುಡುಕುತ್ತಿರುತ್ತಾರೆ. ಅವತಾರ ಮಾತ್ರ ಕಲ್ಲಿನಂತೆ ನಿಂತಿರುತ್ತದೆ. ತಪ್ಪು ಮಾತಾಡಿದೆವೇನೋ ಎಂದು ಗಿರಾಕಿಗಳೇ ಬಾಗಿ ಕ್ಷಮೆ ಕೇಳಿ ಹೊರಟುಬಿಡುತ್ತಿದ್ದರು. ಉತ್ತರ ಬರುವಾಗ ಅಂಗಡಿ ಖಾಲಿ.

ಎದುರಿನವರು ಮಾತಾಡುವಾಗ ನಡುನಡುವೆ ಹೌದೆಂಬಂತೆ ತಲೆಯಾಡಿಸದಿದ್ದರೆ ಕೋಪ ಬಂದಿದೆ ಎಂದೇ ನಮ್ಮಲ್ಲಿ ಅರ್ಥ. ಹಾಗಾಗಿ ಆ ಹೊತ್ತಿನಲ್ಲಿ ಅವತಾರ ಮೆಲ್ಲಗೆ ತಲೆಯಾಡಿಸುವಂತೆ ಚಿಗುಸಾ ಮಾಡಿಕೊಟ್ಟಳು. ನೋಡಲು ಚೆಂದವೇ ಇತ್ತು. ಆದರೆ ಆ ವಾರವೇ ಮಕಿತಾ ಸಾನ್ ಏದುಸಿರು ಬಿಡುತ್ತ ನಮ್ಮ ಮೆಟ್ಟಿಲು ಹತ್ತಿ ಬಂದರು.

"ಹಳೇ ಗಿರಾಕಿ ಒಬ್ರು, ಈ ಸಲದ ಎಲೆ ಸ್ವಲ್ಪ ಒಗರು ಅಲ್ವಾ ಅಂದ್ರಂತೆ. ನಮ್ಮ ತೊಮೊಯೊ ಸಾನ್ ತಲೆಯಾಡಿಸಿದ್ದಾರೆ. ಹಾಗಾದ್ರೆ ಬೇರೆ ಅಂಗಡೀಲಿ ನೋಡ್ಲಾ ಅಂದ್ರಂತೆ. ಅದಕ್ಕೂ ತಲೆಯಾಡಿಸಿದ್ದಾರೆ."

ನನಗೆ ನಗು ಬಂತು. ಚಿಗುಸಾಗೆ ಬರಲಿಲ್ಲ.

"ಆಮೇಲೆ?"

"ಆಮೇಲೇನು, ಹೋದ್ರು. ತುಂಬಾ ಪ್ರಾಮಾಣಿಕ ಹೆಂಗಸು ಅಂತ ಹೊಗಳಿ ಹೋದ್ರು." ಮಕಿತಾ ಸಾನ್ ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ ಚಿಗುಸಾ ಸಾನ್, ಕೇಳಿದ ತಕ್ಷಣ ತಾನಾಗೇ ಉತ್ತರ ಕೊಡೋ ಬೊಂಬೆ ಸಿಗತ್ತೆ. ನಂಗೆ ಮನಸ್ಸಿಲ್ಲ. ಆದ್ರೆ ವರ್ಷದ ಮೊದಲ ಕೊಯ್ಲಿನ ಹೊಸ ಚಹಾ ಬರೋ ದಿನ ಜನ ಸಾಲು ನಿಲ್ತಾರೆ. ಅವತ್ತು ಮೊದಲನೇ ಗಿರಾಕಿ ಹೀಗೇ ಎದ್ದು ಹೋದ್ರೆ ಆ ಬೊಂಬೇನೇ ಕೂರಿಸ್ತೀನಿ. ತೊಮೊಯೊ ಸಾನ್‌ಗೂ ಹೇಳಿದ್ದೀನಿ."

ಅಂದಿನಿಂದ ಚಿಗುಸಾಳ ಮೊಣಕಾಲಿಗೆ ವಿರಾಮವೇ ಇಲ್ಲವಾಯಿತು. ಅವತಾರ ಕೂದಲು ಸರಿಮಾಡಿಕೊಂಡರೆ ಬೇಸರ ಬಂದಂತೆ ಕಂಡಿತು. ಕೆಳಗೆ ನೋಡಿದರೆ ಅಳುವಂತೆ. ತೋಳು ಕೊಡವಿಕೊಂಡರೆ ಅಂಗಡಿ ಮುಚ್ಚುವ ಹೊತ್ತಾದಂತೆ. ಒಂದು ಚಲನೆಗೆ ಕೂದಲೆಳೆಯಷ್ಟು ಬಿಡುವು ಕೊಟ್ಟು, ಕಿತ್ತು, ಮತ್ತೆ ಕೊಟ್ಟು, ಎಲ್ಲವನ್ನೂ ಅಳಿಸಿದಳು.

"ನಡೀರಿ, ಅವರನ್ನೇ ನೋಡ್ಕೊಂಡು ಬರೋಣ," ಎಂದು ನನ್ನನ್ನೆಬ್ಬಿಸಿದಳು. ರೈಲಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರವೇ ನಿಂತಿದ್ದಳು.

ತೊಮೊಯೊ ಸಾನ್ ತಮ್ಮ ಮನೆಯಲ್ಲಿ ಮಂಚಕ್ಕೆ ಒರಗಿದ್ದರು. ಕಣ್ಣು ಪರದೆಯ ಮೇಲೆ ಸರಿಯತೊಡಗಿತು. ಮೊದಲ ಪದ ಮೂಡಿತು: "ನೀವು".

"ನೀವು ಬಂದಿದ್ದು ಖುಷಿ ಆಯ್ತು, ಅಂತ ತಾನೆ?" ಎಂದಳು ಚಿಗುಸಾ.

ಕಣ್ಣು ನಿಧಾನವಾಗಿ ಮುಂದೆ ಹೋಯಿತು. ಯಂತ್ರ ಓದಿತು: "ನೀವು ಮೊದಲೇ ಬರಬೇಕಿತ್ತು."

ಅವರ ಗಂಡ ಚಹಾದ ತಟ್ಟೆ ತಂದಿಟ್ಟು, ಒಗೆದ ಬಟ್ಟೆ ತರಲು ಹಿತ್ತಲಿಗೆ ಹೊರಟರು. "ನೀವೇ ಬಗ್ಗಿಸ್ಕೊಂಡ್ಬಿಡಿ. ನಂದೂ ಒಂದಿರ್ಲಿ," ಎಂದರು. ಚಿಗುಸಾ ಚಹಾದ ಹೂಜಿ ಎತ್ತಿ ಮೊದಲ ಬಟ್ಟಲನ್ನೇ ತುಂಬಿಸಹೊರಟಳು.

"ಬೇಡ," ಎಂದಿತು ಯಂತ್ರ. ಆಮೇಲೆ: "ಸುತ್ತಿ ಬನ್ನಿ."

ಚಿಗುಸಾ ನಾಲಿಗೆ ಕಚ್ಚಿಕೊಂಡಳು. ಕಾನಾಯಾದಂಥ ಚಹಾದ ಊರಲ್ಲಿ ಹುಟ್ಟಿ, ಮಗುವೂ ಮಾಡದ ತಪ್ಪು ಮಾಡಿದ್ದಳು. ಮೊದಲ ಬಟ್ಟಲಿಗೆ ಸ್ವಲ್ಪ, ಎರಡನೆಯದಕ್ಕೆ ಸ್ವಲ್ಪ, ಮೂರನೆಯದಕ್ಕೆ ಸ್ವಲ್ಪ. ಮತ್ತೆ ಮೂರನೆಯದರಿಂದ ಹಿಂದಕ್ಕೆ. ಇಲ್ಲದಿದ್ದರೆ ಒಬ್ಬರಿಗೆ ಬರೀ ನೀರು, ಇನ್ನೊಬ್ಬರಿಗೆ ಕಡು ಕಹಿ. ಅವಳು ಬಟ್ಟಲಿಂದ ಬಟ್ಟಲಿಗೆ ಹೋದಳು, ಬಂದಳು, ಕೊನೆಗೆ ಹೂಜಿಯನ್ನು ಪೂರ್ತಿ ಬಗ್ಗಿಸಿ ಹನಿಗಾಗಿ ಕಾದಳು. ಅಷ್ಟರಲ್ಲಿ ಯಂತ್ರ ದೊಡ್ಡದೊಂದು ವಾಕ್ಯ ಹೇಳಿತು: "ನನ್ನ ಜಾಗದಲ್ಲಿ ಆ ಬೊಂಬೆ ಕೂತರೆ, ನನ್ನನ್ನು ಯಾರೂ ಇನ್ನು ಏನನ್ನೂ ಕೇಳುವುದಿಲ್ಲ."

ಚಿಗುಸಾ ನನ್ನತ್ತ ತಿರುಗಿದಳು.

"ಇಕುಯೊ ಸಾನ್, ಅವರು ಅಷ್ಟುದ್ದ ಬರೆಯೋವರೆಗೂ ನಾನು ಬಾಯಿ ಹಾಕಿದ್ನಾ?"

"ಇಲ್ಲ."

"ಚಹಾ ಬಗ್ಗಿಸ್ತಿದ್ದೆ," ಎಂದಳು. ಕೈಯಲ್ಲಿ ಹೂಜಿ ಇನ್ನೂ ಬಾಗಿಯೇ ಇತ್ತು.

ಹೊಸ ಚಹಾದ ಬೆಳಿಗ್ಗೆ ಮಕಿತಾ ಸಾನ್ ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾವು ಮೂವರೂ ಪರದೆಯ ಮುಂದೆ ನಿಂತಿದ್ದೆವು. ತೊಮೊಯೊ ತಮ್ಮ ಮನೆಯಿಂದಲೇ ಪರದೆಯೊಳಗಿನ ಅಂಗಡಿಗೆ ಬಂದಿದ್ದರು. ಅವರು ಅಕ್ಷರ ಮುಟ್ಟುವುದು, ಅಳಿಸುವುದು ಪರದೆಯ ಮೂಲೆಯಲ್ಲಿ ನಮಗೆ ಕಾಣುತ್ತಿತ್ತು. ನಾನು ಹೊಲಿದ ನೀಲಿ ಏಪ್ರನ್ ಅವರ ಅವತಾರದ ಮೈಮೇಲಿತ್ತು. ಮೊದಲ ಗಿರಾಕಿ ಬಿಳಿ ಕೊಕ್ಕರೆಯ ರೂಪದಲ್ಲಿ ಒಳಗೆ ಬಂತು. ದನಿ ವಯಸ್ಸಾದ ಗಂಡಸಿನದು.

"ಹೆಂಡ್ತಿ ಹೋದ್ಮೇಲೆ ಚಹಾ ಸರಿಯಾಗಿ ಬರ್ತಾನೇ ಇಲ್ಲ. ಒಬ್ಬನಿಗೆ ಮಾಡೋದಾದ್ರೆ ಎಲೆ ಎಷ್ಟು ಹಾಕ್ಬೇಕು?"

ತೊಮೊಯೊ ಮೊದಲ ಅಕ್ಷರ ಮುಟ್ಟಿದರು. ಚಿಗುಸಾ ಕಲಿಸಿದಂತೆ ಅವತಾರದ ಕೈ ಹೂಜಿ ಎತ್ತಿತು. ಮೊದಲ ಬಟ್ಟಲು, ಎರಡನೆಯದು, ಮೂರನೆಯದು. ಹಿಂದಕ್ಕೆ. ಕೊಕ್ಕರೆ ಕತ್ತು ಚಾಚಿ ನೋಡುತ್ತಿತ್ತು.

"ಮೂರು ಯಾಕೆ? ನಾನೊಬ್ನೇ ಬಂದಿರೋದು."

ಚಿಗುಸಾ ನನ್ನ ಮಣಿಕಟ್ಟು ಹಿಡಿದಳು. "ಅಯ್ಯೋ, ಒಬ್ರೇ ಬರ್ತಾರೆ ಅಂತ ಹೊಳೀಲೇ ಇಲ್ಲ," ಎಂದು ಪಿಸುಗುಟ್ಟಿದಳು. ಅವಳ ಬೆರಳು ಕೀಲಿಮಣೆಯ ಕಡೆ ಹೋಯಿತು. "ನಿಲ್ಲಿಸ್ಲಾ?"

"ಮುಟ್ಬೇಡಿ," ಎಂದರು ಮಕಿತಾ ಸಾನ್.

ತೊಮೊಯೊ ಬರೆದದ್ದನ್ನೆಲ್ಲ ಅಳಿಸಿ ಮತ್ತೆ ಮೊದಲಿಂದ ಶುರುಮಾಡಿದರು. ಹೂಜಿ ಹೋಯಿತು, ಬಂತು, ಹೋಯಿತು. ನನ್ನ ಮಣಿಕಟ್ಟು ನೋಯತೊಡಗಿತು. ಕೊಕ್ಕರೆ ಒಂದು ಹೆಜ್ಜೆ ಹಿಂದಿಟ್ಟಿತು. ಚಹಾ ಬಗ್ಗಿಸುತ್ತಿರುವವರ ಮುಂದಿನಿಂದ ಹೊರಟುಹೋಗುವುದು ಹೇಗೆ ಎಂಬಂತೆ ಮತ್ತೆ ಅಲ್ಲೇ ನಿಂತಿತು. ಹೂಜಿ ಪೂರ್ತಿ ಬಾಗಿತು. ಹನಿ ಬಿತ್ತು.

"ಒಬ್ಬರಿಗೆ ಮಾಡಬೇಡಿ," ಎಂದಿತು ಯಂತ್ರದ ದನಿ. "ಒಂದು ನಿಮಗೆ. ಒಂದು ಬಂದವರಿಗೆ. ಒಂದು ಮನೆಯವರ ಫೋಟೋದ ಮುಂದೆ ಇಡಿ. ಮೂವರಿಗಾಗುವಷ್ಟು ಎಲೆ ಹಾಕಿದರೆ ರುಚಿ ಬರುತ್ತದೆ."

ಕೊಕ್ಕರೆ ಮೂರನೆಯ ಬಟ್ಟಲಿನತ್ತ ಬಾಗಿತು.

"ಅವಳಿಗೆ ಬಿಸಿ ಜಾಸ್ತಿ ಇರ್ಬೇಕು. ಈ ಎಲೆಗೆ ನೀರು ಅಷ್ಟು ಬಿಸಿ ಆಗತ್ತಾ?"

ಕೇಳಿ, ತಾನಾಗಿಯೇ ಬಟ್ಟಲುಗಳ ಎದುರು ಕೂತುಕೊಂಡಿತು. ಹೂಜಿ ಮತ್ತೆ ಮೇಲೆದ್ದಿತು.

ಆತ ಹೊಸ ಎಲೆ ಕೊಂಡು ಹೋದ ಮೇಲೆ ಮಕಿತಾ ಸಾನ್ ಕನ್ನಡಕ ತೆಗೆದು, ಒರೆಸಿ ಹಾಕಿಕೊಂಡರು. ಪರದೆಯಲ್ಲಿ ಅಂಗಡಿ ಖಾಲಿಯಿತ್ತು. ಆದರೂ ಹೂಜಿ ಬಟ್ಟಲಿಂದ ಬಟ್ಟಲಿಗೆ ಸರಿಯುತ್ತಿತ್ತು. ತೊಮೊಯೊ ನಮಗೇ ಏನೋ ಬರೆಯುತ್ತಿದ್ದರು. ಚಿಗುಸಾ ಬಾಯಿ ತೆರೆದು, ಮುಚ್ಚಿ, ಕಾದಳು.

"ಮಕಿತಾ ಸಾನ್, ಮುಂದಿನವರನ್ನು ಕಳಿಸಿ," ಎಂದಿತು ಯಂತ್ರ.

ಮಕಿತಾ ಸಾನ್ ಬಾಗಿಲು ತೆರೆಯುವ ಗುಂಡಿ ಒತ್ತಿದರು.