ಅತ್ತೆಯ ಸಂಚಿಯೊಳಗಿನ ಚಾಕು

ಅಂಗಿಯ ಕಿಸೆಯಲ್ಲಿ ಪೆನ್ನು ಇಲ್ಲದ ದಿನ ಇದ್ದೀತು, ಪ್ಯಾಂಟಿನ ಬಲಗಿಸೆಯಲ್ಲಿ ಚಾಕು ಇಲ್ಲದ ದಿನ ನನಗಿಲ್ಲ. ಹಾವೇರಿಯಿಂದ ದಿನಾ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ಅಂಗಡಿಯಲ್ಲಿ ದುಡಿಯುವವನು ನಾನು. ಚೀಲದ ಹೊಲಿಗೆ ಬಿಚ್ಚುವುದರಿಂದ ಹಿಡಿದು ಮಧ್ಯಾಹ್ನ ಪೇರಲ ಹಣ್ಣು ಹೋಳು ಮಾಡುವ ತನಕ ಅದೇ ಬೇಕು. ಮಡಚಿದರೆ ಅಂಗೈಯಲ್ಲಿ ಮುಚ್ಚಿಹೋಗುತ್ತದೆ. ಕಟ್ಟಿಗೆಯ ಹಿಡಿ, ಕಂಬಾರ ಬಡಿದ ಅಲಗು. ಈಗ ಪೇಟೆಯಲ್ಲಿ ಸಿಗುವ ಥಳಕಿನ ಪ್ಲಾಸ್ಟಿಕ್ ಹಿಡಿಯ ಚಾಕುಗಳನ್ನು ಕಂಡರೆ ನನಗಾಗದು. ನಾಲ್ಕು ಚೀಲ ಬಿಚ್ಚುವಷ್ಟರಲ್ಲಿ ಅವು ಕೈಕೊಡುತ್ತವೆ.

ಹಳೆಯ ಚಾಕು ಕಂಡಲ್ಲೆಲ್ಲ ಕೂಡಿಸುವ ಚಟವೂ ಹೀಗೇ ಹತ್ತಿತು. ರಾಣೇಬೆನ್ನೂರಿನ ಗುಜರಿ ಅಂಗಡಿಯಲ್ಲಿ ಒಂದು, ಹಾವೇರಿಯ ದನದ ಸಂತೆಯಲ್ಲಿ ಇನ್ನೊಂದು, ಹಿತ್ತಾಳೆ ಹಿಡಿಯವು, ಕೋಡಿನ ಹಿಡಿಯವು, ಎಲ್ಲ ಸೇರಿ ಒಂದು ಬಿಸ್ಕೀಟಿನ ಡಬ್ಬಿ ತುಂಬಿದೆ. "ಮನ್ಯಾಗ ಇಳಿಗಿ ಮೊಂಡ ಆಗಿ ಬದನೀಕಾಯಿ ಹರೀವಲ್ದು, ಇವ್ರು ಡಬ್ಬಿ ತುಂಬ ಚಾಕು ಇಟ್ಟಾರ" ಎಂದು ಹೆಂಡತಿ ಬಂದವರ ಮುಂದೆಲ್ಲ ನನ್ನ ಮಾನ ಹರಾಜು ಹಾಕುತ್ತಾಳೆ.

ಆದರೆ ನಾನು ನಿಜವಾಗಿ ಆಸೆಪಟ್ಟ ಚಾಕು ಆ ಡಬ್ಬಿಯಲ್ಲಿ ಇರಲಿಲ್ಲ. ಅದು ಕುಪ್ಪೇಲೂರಿನಲ್ಲಿ ನನ್ನ ಅತ್ತೆಯ, ಅಂದರೆ ಹೆಂಡತಿಯ ತಾಯಿಯ, ಎಲೆ ಅಡಿಕೆಯ ಸಂಚಿಯಲ್ಲಿತ್ತು. ಕೋಡಿನ ಹಿಡಿ. ಅವರ ಹೆಬ್ಬೆರಳು ಕೂರುವ ಕಡೆ ತಗ್ಗು ಬಿದ್ದಿತ್ತು. ಮಸೆದು ಮಸೆದು ಅಲಗು ಅರ್ಧಕ್ಕೆ ಇಳಿದಿತ್ತು. ಹೊಲದಲ್ಲಿ ಬುತ್ತಿ ಬಿಚ್ಚಿದಾಗ ಅತ್ತೆ ಅಂಗೈಯ ಮೇಲೇ ಉಳ್ಳಾಗಡ್ಡಿ ಇಟ್ಟು ಹೆಚ್ಚುತ್ತಿದ್ದರು. ಅಲಗು ಅಂಗೈ ಮುಟ್ಟಿ ಅಲ್ಲೇ ನಿಲ್ಲುತ್ತಿತ್ತು, ಒಂದು ಗೆರೆಯೂ ಬೀಳುತ್ತಿರಲಿಲ್ಲ. ನೋಡುತ್ತ ಕೂತರೆ ನನಗೆ ಊಟ ಮರೆಯುತ್ತಿತ್ತು.

ಚಾಕು ಮತ್ತು ಮೆಣಸಿನಕಾಯಿ ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಅದು ಖರೇ ಆಗಿದ್ದರೆ ಬ್ಯಾಡಗಿ ಮಂದಿ ಎಂದೋ ಹೊಡೆದಾಡಿ ಸಾಯಬೇಕಿತ್ತು. ಅಲ್ಲಿ ದಿನವೆಲ್ಲ ಒಬ್ಬರ ಬೊಗಸೆಯಿಂದ ಇನ್ನೊಬ್ಬರ ಬೊಗಸೆಗೆ ಕಾಯಿ ಸುರಿಯುವುದೇ ಕೆಲಸ. ಅತ್ತೆ ಮಾತ್ರ ಈ ವಿಷಯದಲ್ಲಿ ಬಲು ಗಟ್ಟಿ. ಚಾಕು ಕೇಳಿದರೆ ನೆಲದ ಮೇಲೆ ಇಡುತ್ತಿದ್ದರು, ನಾವು ಎತ್ತಿಕೊಳ್ಳಬೇಕು.

ನನ್ನ ಜೊತೆಗಂತೂ ಅವರು ಎಲ್ಲದರಲ್ಲೂ ಹಾಗೆಯೇ ಇದ್ದರು. ಸಂಬಂಧದೊಳಗೇ ಹೆಣ್ಣು ಕೊಡುವ ಮನೆತನ ಅವರದು, ನಾನು ಹೊರಗಿನಿಂದ ಬಂದ ಅಳಿಯ. ಮಾತಾಡಿದರೆ "ನೀವು", ಅದೂ ಅರ್ಧ ಮಗಳ ಬಾಯಿಂದ. ಒಮ್ಮೆ ಹೊಲದಲ್ಲಿ ನನ್ನ ಹಿಮ್ಮಡಿಗೆ ಜಾಲಿಮುಳ್ಳು ಮುರಿಯಿತು. ಊರಿನ ಅರ್ಧ ಮಂದಿಯ ಮುಳ್ಳು ತೆಗೆದ ಅತ್ತೆ, ಚಾಕುವನ್ನು ಬದುವಿನ ಮೇಲಿಟ್ಟು ದೂರ ನಿಂತರು. "ಓರೆ ಹಿಡಿಯವ್ವಾ, ಅವರಿಗೆ ನೋವಾಕ್ಕೈತಿ" ಎಂದು ಮಗಳಿಗೆ ಹೇಳಿಕೊಟ್ಟರು. ಹೆಂಡತಿ ನನ್ನ ಹಿಮ್ಮಡಿಯನ್ನು ಕೊಯ್ದು ಕೊಯ್ದು ಬದನೀಕಾಯಿ ಮಾಡಿದಳು. ಇಷ್ಟು ಪಳಗಿದ ಕೈ ಎರಡು ಮಾರು ದೂರದಲ್ಲಿದ್ದೂ ನನಗೆ ದಕ್ಕಲಿಲ್ಲವಲ್ಲ ಎಂದು ನೋವಿಗಿಂತ ಹೆಚ್ಚು ಬೇಜಾರಾಯಿತು.

ಚಾಕು ಕೊಡುತ್ತಾರೇನೋ ಕೇಳು ಎಂದು ಹೆಂಡತಿಯನ್ನು ಪೀಡಿಸಿದ್ದೆ. "ಅಳಿಯಗ ಚಾಕು ಕೊಟ್ರ ಸಂಬಂಧ ಹರೀತಾವ" ಎಂಬ ಉತ್ತರ ತಂದಳು. ಆಮೇಲೆ ಆ ಮಾತು ಎತ್ತಲಿಲ್ಲ. ಹೋದಾಗಲೆಲ್ಲ ಸಂಚಿಯ ಕಡೆ ಕಣ್ಣು ಮಾತ್ರ ಹೋಗುತ್ತಿತ್ತು.

ಈ ಸುಗ್ಗಿಯಲ್ಲಿ ಕುಪ್ಪೇಲೂರಿಗೆ ಹೋದಾಗ ಆ ಚಾಕುವಿನ ಮೊಳೆ ಸಡಿಲಾಗಿ ಅಲಗು ಅಲ್ಲಾಡುತ್ತಿತ್ತು. ಹಳೆಯ ಚಾಕುಗಳ ಸಹವಾಸದಿಂದ ಇಂಥ ಸಣ್ಣ ರಿಪೇರಿ ನನಗೆ ಬರುತ್ತದೆ. ಸರಿಮಾಡಿ ಕೊಡುತ್ತೇನೆಂದು ಮನೆಗೆ ತಂದು ಹಿತ್ತಾಳೆಯ ಹೊಸ ಮೊಳೆ ಹಾಕಿದೆ. ಉಜ್ಜಿ ಹೊಳಪು ಮಾಡಲು ಕೈ ತುರಿಸಿತು, ಆದರೆ ಆ ಹೆಬ್ಬೆರಳಿನ ತಗ್ಗನ್ನು ಮುಟ್ಟಲು ಮನಸ್ಸಾಗಲಿಲ್ಲ. ಮುಂದಿನ ಭಾನುವಾರ ಒಯ್ದು, ಪದ್ಧತಿಯಂತೆ ಅತ್ತೆಯ ಮುಂದೆ ಚಾಪೆಯ ಮೇಲಿಟ್ಟೆ.

ಅವರು ಬಿಚ್ಚಿ, ಮಡಚಿ, ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಮಡಚಿದ ಚಾಕುವನ್ನು ನನ್ನ ಕಡೆ ಚಾಚಿದರು. ನಾನು ಚಾಪೆ ನೋಡಿದೆ, ಅವರು ಕೆಳಗಿಡಲಿಲ್ಲ.

"ಹಿಡೀರಿ. ನನಗ ಈಗ ಇದರ ಅಲಗಿನ ಬಾಯಿ ಕಾಣವಲ್ದು, ಕೈ ಕೊಯ್ಕೊಳ್ಳಾಕತ್ತೇನಿ."

"ಕೆಳಗ ಇಡ್ರಿ ಅತ್ತಿ, ತಗೋತೇನಿ. ಕೈಯಾಗ ಕೊಟ್ರ ಜಗಳ ಅಂತೀರಿ."

"ಆಗ್ಲಿ ಬಿಡ್ರಿ" ಎಂದರು ಅತ್ತೆ. "ಇಷ್ಟು ವರ್ಷದಾಗ ನಾವು ಒಂದಾದ್ರೂ ಜಗಳಾ ಆಡೇವೇನು? ಜಗಳಾ ಆಡೂದು ಮನಿ ಮಂದಿ ಕೂಡ. ಬೀಗರಂಗ ಬಂದು ಕುಂತು ಹೋದ್ರ ಜಗಳಾ ಎಲ್ಲಿಂದ ಬರಬೇಕು?"

ಚಾಕು ಅವರ ಕೈಯಿಂದ ನೇರ ನನ್ನ ಕೈಗೆ ಬಂತು. ಹಿಡಿ ಬೆಚ್ಚಗಿತ್ತು.

ಮನೆಗೆ ಬಂದು ಅದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟೆ. ಹೆಂಡತಿ ಈ ಸುದ್ದಿಯನ್ನು ತವರಿಗೆ ಮುಟ್ಟಿಸದೆ ಇರುತ್ತಾಳೆಯೇ? ಎರಡೇ ದಿನಕ್ಕೆ ಅತ್ತೆಯ ಫೋನ್ ಬಂತು, ಮಗಳಿಗಲ್ಲ, ನನಗೆ.

"ಯಾಕ ತಮ್ಮಾ, ಚಾಕು ಡಬ್ಬ್ಯಾಗ ಇಟ್ಟೀಯಂತ?"

"ನೀವು" ಇರಲಿಲ್ಲ. ತಡಬಡಿಸಿದೆ. "ಭಾಳ ಸವದೈತ್ರಿ ಅತ್ತಿ. ದಿನಾ ಬಳಸಿದ್ರ ಮುರದ್ರೇನ ಮಾಡ್ಲಿ?"

"ನಾನೂ ಸವದೇನಿ. ನನ್ನೂ ಸುತ್ತಿ ಡಬ್ಬ್ಯಾಗ ಇಡ್ತೀಯೇನು? ದುಡಿಯೂ ಚಾಕು ಅದು. ಕಿಸೇದಾಗ ಇಟ್ಕೊಳ್ಳಾಕ ಆಗದಿದ್ರ ತಿರುಗಿ ತಂದು ಕೊಡು."

"ಕೊಡಂಗಿಲ್ರಿ" ಎಂದೆ, ನನಗೇ ಗೊತ್ತಿಲ್ಲದೆ ದನಿ ಏರಿತ್ತು. ಅವರು ಇನ್ನೂ ನಾಲ್ಕು ಮಾತು ಬೈದು ಫೋನ್ ಇಟ್ಟರು.

ಹೆಂಡತಿ ಒಳಗಿನಿಂದ ಬಂದು, "ಅವ್ವ ಏನಂತ?" ಎಂದಳು.

"ಜಗಳಾ ತಗದಾರ" ಎಂದೆ. ಆ ಚಾಕುವನ್ನು ಡಬ್ಬಿಯಿಂದ ತೆಗೆದು ಬಲಗಿಸೆಗೆ ಹಾಕಿಕೊಂಡು ಬ್ಯಾಡಗಿ ಬಸ್ಸಿಗೆ ಹೊರಟೆ.