ಬಣ್ಣ ಹತ್ತಿದ ಅಂಗಿ

ಇಂದು ಬೆಳಿಗ್ಗೆ ಅಂಗಡಿ ತೆರೆದು ಸ್ವಲ್ಪ ಹೊತ್ತಿಗೆ ಹನುಮನಹಳ್ಳಿಯ ಒಬ್ಬ ಹೆಣ್ಣುಮಗಳು ಇನ್ನೂ ಆರದ ಸೀರೆಯೊಂದನ್ನು ತಂದು ಗಾದಿಯ ಮೇಲೆ ಬಿಚ್ಚಿದಳು. ಕೆಂಪು ಸೆರಗಿನ ಬಣ್ಣ ಇಳಿದು ಹಳದಿ ಒಡಲೆಲ್ಲ ಕಲೆಯಾಗಿತ್ತು. ಹೋದ ವಾರ ನಮ್ಮಲ್ಲೇ ಕೊಂಡದ್ದು. ನಾನೇ ಮಡಿಚಿ ಕೊಟ್ಟಿದ್ದೆ. ಎತ್ತಿ ನೋಡಿದೆ. ಒದ್ದೆ ನೂಲು, ಅದರೊಳಗೆ ಬಣ್ಣದ ಕಮಟು ವಾಸನೆ... ಗಂಗಾವತಿಯ ಅಂಗಡಿಯಲ್ಲಿ ಕೂತವನು ಒಂದು ಗಳಿಗೆ ಕುಷ್ಟಗಿಯ ಬಣ್ಣದ ಮನೆಯಲ್ಲಿದ್ದೆ.

ಆ ಹೆಣ್ಣುಮಗಳಿಗೆ ನಾನು ಏನು ಹೇಳಿದೆ ಎಂಬುದನ್ನು ಕೊನೆಗೆ ಬರೆಯುತ್ತೇನೆ. ಮೊದಲು ಕುಷ್ಟಗಿಯ ಆ ಬಣ್ಣದ ಮನೆಯ ಯಜಮಾನರ ವಿಷಯ ಬರೆಯಬೇಕು.

ಕೊಪ್ಪಳದಲ್ಲಿ ಓದು ಬಿಟ್ಟು ಅವರ ಕೈಕೆಳಗೆ ಗುಮಾಸ್ತನಾಗಿ ಸೇರಿದ್ದು 1942ರಲ್ಲಿ. ಮುಂದೆ ಬಣ್ಣದ ಮನೆ, ಹಿಂದೆ ಸಾಲಾಗಿ ಮಗ್ಗಗಳು. ನೂಲಿಗೆ ಬಣ್ಣ ಹಾಕಿಸಿ, ಸೀರೆ ನೇಯಿಸಿ, ತಾವರಗೇರಾದ ಸಂತೆಯಲ್ಲಿ ಮಾರುತ್ತಿದ್ದರು. ನಾವೆಲ್ಲ ಅವರನ್ನು ಮಾಲಕರು ಎನ್ನುತ್ತಿದ್ದೆವು. ಕುಳ್ಳಗಿನ ಆಳು, ಕಿವಿ ತುಸು ಮಂದ. ಕೂಲಿ ಕೊಡುವಾಗ ಗೊಣಗುತ್ತಿದ್ದರು, ಚಹಾಕ್ಕೆ ಸಕ್ಕರೆ ಹೆಚ್ಚಾದರೆ ಜಗಳ ತೆಗೆಯುತ್ತಿದ್ದರು. ಉಪದೇಶ ಮಾಡಿದ್ದನ್ನು ಮಾತ್ರ ನಾನು ಕೇಳಿಲ್ಲ.

ಅಲ್ಲಿ ಒಂದು ಪದ್ಧತಿ ಇತ್ತು. ಹೊಸ ಬಣ್ಣ ಕಲಸಿದಾಗಲೆಲ್ಲ, ಬಣ್ಣ ಕುದಿಸುವ ಭಾಂಡೆಯಿಂದ ತೆಗೆದ ಮೊದಲ ನೂಲಿನ ಕಟ್ಟನ್ನು ಒದ್ದೆ ಇರುವಾಗಲೇ ಬಿಳಿ ಅರಿವೆಯಲ್ಲಿ ಸುತ್ತಿ ಕಲ್ಲಿನ ಕೆಳಗೆ ಇಡುವುದು. ಮರುದಿನ ಅರಿವೆ ಬೆಳ್ಳಗೇ ಉಳಿದಿದ್ದರೆ ಅದನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ ನೂಲನ್ನು ಮಗ್ಗಕ್ಕೆ ಕಳಿಸುವುದು. ಬಣ್ಣ ಹತ್ತಿದ್ದರೆ ಮಗ್ಗಕ್ಕೆ ಕಳಿಸುವಂತಿರಲಿಲ್ಲ. ಅರಿವೆ ಸುತ್ತುವುದು ಮಾಲಕರದೇ ಕೆಲಸ. ನಾವು ಯಾರೂ ಅದಕ್ಕೆ ಕೈಹಾಕುತ್ತಿರಲಿಲ್ಲ.

ಯುದ್ಧ ಶುರುವಾದ ಮೇಲೆ ಹೊರದೇಶದ ಒಳ್ಳೆಯ ಕೆಂಪು ಪುಡಿ ನಿಂತುಹೋಗಿತ್ತು. ರಾಯಚೂರಿನಲ್ಲಿ ಸಿಕ್ಕ ಡಬ್ಬಿಗಳಲ್ಲೇ ನಡೆಸಬೇಕು. ಮದುವೆಯ ದಿನಗಳು ಹತ್ತಿರ ಬರುತ್ತಿದ್ದವು. ಒಂದು ಡಬ್ಬಿ ಮುಗಿದು ಇನ್ನೊಂದನ್ನು ಒಡೆದ ದಿನ, ಭಾಂಡೆಯ ಹತ್ತಿರ ಇರುತ್ತಿದ್ದ ದುರಗಪ್ಪ ಕೇಳಿದ:

"ಅರಿವಿ ಸುತ್ತೂದಿಲ್ಲೇನ್ರಿ ಮಾಲಕ್ರ?"

"ಮೊದಲಿನಂಥಾ ಡಬ್ಬೀನ ಐತಲ್ಲೊ ಇದೂ. ಒಂದ ದಿನ ಯಾಕ ಹಾಳ ಮಾಡ್ತಿ? ಕಳಸು ಮಗ್ಗಕ್ಕ."

ದುರಗಪ್ಪ ಕಳಿಸಿದ. ನಾನು ಅಲ್ಲೇ ಕೂತು ಬರೆದುಕೊಂಡೆ. ಮಗ್ಗದವರಿಗೂ ಮೊಳೆ ಖಾಲಿ ಇದ್ದದ್ದು ಕಂಡಿತ್ತು. ಎರಡನೆಯ ಸಲ ಯಾರೂ ಕೇಳಲಿಲ್ಲ.

ಮದುವೆಗಳು ನಡೆದವು. ವೈಶಾಖದಲ್ಲಿ ಒಂದು ಮಧ್ಯಾಹ್ನ ಯಲಬುರ್ಗಾ ಕಡೆಯ ರೈತರೊಬ್ಬರು ಬಂದು, ಬಗಲಲ್ಲಿದ್ದ ಗಂಟು ಬಿಚ್ಚಿದರು. ಒಳಗೆ ನಮ್ಮ ಸೀರೆ, ಅದರ ಜೊತೆ ಒಂದು ಬಿಳಿ ಅಂಗಿ. ಬಿಳಿ ಅನ್ನುವಂತೆ ಉಳಿದಿರಲಿಲ್ಲ. ಎದೆ, ತೋಳು ಎಲ್ಲ ಕೆಂಪು.

"ಮಗಳ ಮದುವಿ ಸೀರಿರಿ," ಎಂದರು. "ಮಾವನ ಅಂಗಿ ಕೂಡ ನೆನಿ ಹಾಕ್ಯಾಳ. ಹೀಂಗಾತು. ಬಂದ ವಾರಕ್ಕ ಮಾವನ ಅಂಗಿ ಕೆಡಿಸಿದ್ಲು, ಇಕೀಗಿ ಅರಿವಿ ಒಗಿಯಾಕೂ ಬರೂದಿಲ್ಲ ಅಂತ ಓಣಿ ತುಂಬ ಆಡಾಕ ಹತ್ಯಾರ. ಅಕಿ ಹೊರಗ ಬರವಲ್ಲಳು."

ನಾನು ಮಾಲಕರ ಕಿವಿಯ ಹತ್ತಿರ ಬಾಗಿ, "ಸವಳು ನೀರಾಗ ಒಗದಿರಬೇಕು ಅನ್ನೂಣ್ರಿ," ಎಂದೆ. ಅವರನ್ನು ಉಳಿಸುವ ಜಾಣತನ ಎಂದುಕೊಂಡಿದ್ದೆ.

"ಏನಂದಿ? ಜೋರಾಗಿ ಹೇಳು."

ಆ ರೈತರು ನನ್ನನ್ನೇ ನೋಡುತ್ತಿದ್ದರು. ಮಗ್ಗಗಳ ಸದ್ದು ನಿಂತಿತ್ತು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಮಾಲಕರಿಗೆ ನಿಜವಾಗಿ ಕೇಳಿಸಿರಲಿಲ್ಲವೋ, ಕೇಳಿಸಿಯೇ ಹಾಗೆಂದರೋ... ಇಂದಿಗೂ ಗೊತ್ತಿಲ್ಲ.

"ಕಸೂರು ನಿಮ್ಮ ಮಗಳದಲ್ರಿ, ನಂದು," ಎಂದರು ಮಾಲಕರು. "ದುರಗಪ್ಪ ಕೇಳಿದ್ದ. ನಾನ ಬ್ಯಾಡ ಅಂದೆ. ನಿಮ್ಮ ಬೀಗರಿಗೆ ಹೀಂಗ ಹೇಳ್ರಿ, ನಾ ಹೇಳೀನಿ ಅಂತ ಹೇಳ್ರಿ."

ಅಷ್ಟಂದು ತಾವು ತೊಟ್ಟಿದ್ದ ಅಂಗಿಯನ್ನು ಕಳಚಿ, ಹೊಸ ಸೀರೆಯೊಂದರ ಮೇಲಿಟ್ಟು ಅವರ ಕೈಗೆ ಕೊಟ್ಟರು. ಕೆಂಪು ಹತ್ತಿದ ಅಂಗಿಯನ್ನು ಅಲ್ಲೇ ತೊಟ್ಟುಕೊಂಡರು. ತೋಳು ಉದ್ದವಾಗಿತ್ತು, ಮಡಿಚಿಕೊಂಡರು.

ಮುಂದಿನ ಸಂತೆಗೆ ಅದೇ ಅಂಗಿಯಲ್ಲಿ ಹೊರಟರು. ಅದರ ಮುಂದಿನ ಸಂತೆಗೂ. ಬದಲಿಗೆ ಕೊಡುವ ಸೀರೆಗಳ ಗಂಟು ಹೊತ್ತು ನಾನು ಜೊತೆಗೆ. ತಾವರಗೇರಾದಲ್ಲಿ ಬಳೆ ಮಾರುವ ಮುದುಕಿ ಅವರನ್ನು ಕಂಡವಳೇ ಕೂಗಿದಳು:

"ಏನ್ರಿ ಸಾವ್ಕಾರ್ರ, ಹ್ವಾಳಿ ಮುಗದು ಎಷ್ಟ ದಿನಾ ಆತು, ನಿಮಗ ಇನ್ನೂ ಬಣ್ಣ ಬಿಟ್ಟಿಲ್ಲೇನು?"

"ಹ್ವಾಳಿ ಬಣ್ಣಾರ ಗಟ್ಟಿ ಇರತೈತಬೆ. ನಂದು ಒಂದ ನೀರಿಗಿ ಹೋತು. ನಿಮ್ಮ ಓಣ್ಯಾಗ ಯಾರರ ನಮ್ಮ ಕೆಂಪು ಸೆರಗಿಂದು ಒಯ್ದಿದ್ರ ತರಾಕ ಹೇಳು. ಹೊಸಾದು ಕೊಡತೀನಿ."

ಸುತ್ತಲಿನವರು ನಕ್ಕರು. ಮಾಲಕರು ಮುಂದಿನ ಅಂಗಡಿಗೆ ಹೋಗಿ ಅದನ್ನೇ ಹೇಳಿದರು, ಅದರ ಮುಂದಿನದಕ್ಕೂ. ಯಾರೂ ಕೇಳದಿದ್ದರೂ ತಾವಾಗಿ ನಿಂತು ಹೇಳುತ್ತಿದ್ದರು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸುತ್ತಿತ್ತು. ನಾನು ಓದಿದವನು, ಇಸ್ತ್ರಿ ಮಾಡಿದ ಅಂಗಿ ತೊಟ್ಟವನು. ಈ ಕಲೆ ಹತ್ತಿದ ಮನುಷ್ಯನ ಕಡೆಯವನು ಎಂದು ಜನ ಗುರುತಿಸುವುದು ಬೇಡವಾಗಿತ್ತು. ಪ್ರತಿ ಸಂತೆಗೆ ಎಷ್ಟು ಸೀರೆ ಮರಳಿದವು ಎಂದು ದಿನಚರಿಯಲ್ಲಿ ತಪ್ಪದೆ ಬರೆದಿದ್ದೇನೆ. ಅವರಿಗಿಂತ ಎಷ್ಟು ಹಿಂದೆ ನಡೆಯುತ್ತಿದ್ದೆ ಎಂದು ಬರೆದಿಲ್ಲ.

ಊರಿಗೆ ಮರಳಿದ ಮೇಲೆ ಅವರು ಆ ಅಂಗಿಯನ್ನು ಕಳಚಿ, ಬಿಳಿ ಅರಿವೆಗಳು ತೂಗುತ್ತಿದ್ದ ಮೊಳೆಗೇ ಸಿಕ್ಕಿಸುತ್ತಿದ್ದರು. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನಮಗೂ ಹಗುರಾಗುತ್ತಿತ್ತು. ಆ ಬಾಗಿಲು ದಾಟುವಾಗ ಎಲ್ಲರೂ ತಲೆ ತಗ್ಗಿಸುತ್ತಿದ್ದೆವು.

ಆಮೇಲೆ ನಡೆದದ್ದನ್ನು ನಾನು ಒಮ್ಮೆಗೇ ಗಮನಿಸಲಿಲ್ಲ. ಮೊದಲು ನೇಕಾರರು ಎಳೆ ತಪ್ಪಿದ ಕಡೆಯನ್ನು ಒಳಗೆ ಬರುವಂತೆ ಮಡಿಚಿ ತಂದುಕೊಡುತ್ತಿದ್ದರು. ನಾನು ಹುಡುಕಬೇಕಿತ್ತು, ಅವರು ಅಲ್ಲಗಳೆಯಬೇಕಿತ್ತು. ಆ ಬೇಸಿಗೆಯಿಂದೀಚೆಗೆ ಒಬ್ಬೊಬ್ಬರಾಗಿ, ತಪ್ಪಿದ ಕಡೆಯನ್ನೇ ಮೇಲೆ ಮಾಡಿ ಮಡಿಚತೊಡಗಿದರು. "ಇಲ್ಲಿ ನೋಡ್ರಿ, ಇಲ್ಲಿ ನನ್ನ ಕೈ ತಪ್ಪೈತಿ" ಎಂದು ತಾವೇ ಬೆರಳಿಟ್ಟು ತೋರಿಸುತ್ತಿದ್ದರು. ಯಾರೂ ಹಾಗೆ ಮಾಡಿರೆಂದು ಹೇಳಿರಲಿಲ್ಲ. ಅರಿವೆ ಸುತ್ತುವುದನ್ನು ದುರಗಪ್ಪ ಕೇಳದೆಯೇ ತನ್ನ ಕೈಗೆ ತೆಗೆದುಕೊಂಡ.

ಮಳೆಗಾಲದಲ್ಲಿ ಮಾಲಕರು ಜ್ವರ ಬಂದು ಮಲಗಿದ್ದಾಗ, ಕೊಪ್ಪಳದ ವ್ಯಾಪಾರಿಯೊಬ್ಬ ಕೆಂಪು ನೂಲಿಗೆ ಬಂದ. ಅರಿವೆ ಇನ್ನೂ ಕಲ್ಲಿನ ಕೆಳಗಿತ್ತು.

"ಹಂಗ ಕೊಡೋ. ಮಾಲಕ್ರು ಇಲ್ಲೆಲ್ಲಿ ಅದಾರ ನೋಡಾಕ?"

"ಮಾಲಕ್ರು ಇಲ್ರಿ," ಎಂದ ದುರಗಪ್ಪ. ಬಾಗಿಲ ಕಡೆ ಕೈ ತೋರಿಸಿದ. "ಅಂಗಿ ಐತಲ್ರಿ."

ವ್ಯಾಪಾರಿಗೆ ಅರ್ಥವಾಗಲಿಲ್ಲ. ಮಗ್ಗದ ಕಡೆಯಿಂದ ಯಾರೋ ನಕ್ಕರು. ನೂಲು ಮರುದಿನವೇ ಹೋಯಿತು.

1945ರಲ್ಲಿ ಹೆಚ್ಚಿನ ಪಗಾರದ ಆಸೆಗೆ ನಾನು ಗಂಗಾವತಿಗೆ ಬಂದೆ. ಹೋದ ವರ್ಷ ಮಾಲಕರು ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದಾಗ ಎಲ್ಲ ಮುಗಿದಿತ್ತು. ಆ ಅಂಗಿ ಏನಾಯಿತೋ... ಮೊಳೆಗೇ ಇದೆಯೋ, ಯಾರಾದರೂ ತೆಗೆದರೋ, ಕೇಳುವ ಮುಖ ನನಗಿರಲಿಲ್ಲ.

ಇನ್ನು ಬೆಳಗಿನದು. ಆ ಹೆಣ್ಣುಮಗಳು ಸೀರೆ ಬಿಚ್ಚಿದಾಗ ನಮ್ಮ ಈಗಿನ ಧಣಿ ಪಕ್ಕದಲ್ಲೇ ಕೂತಿದ್ದರು. ಅವರು ನನ್ನ ಮುಖ ನೋಡಿದರು. ನಾನು ಕೇಳಿದೆ:

"ಸವಳು ನೀರಾಗ ಒಗದೇನವ್ವ?"

ಈ ಸಲ ಮಾತು ಜೋರಾಗಿಯೇ, ಸಲೀಸಾಗಿಯೇ ಬಂತು.

"ಹೊಳ್ಯಾಗ ಒಗದಿದ್ನಿರಿ..." ಎಂದಳು. ಧಣಿ ನಕ್ಕು, "ಮಾಲು ಛಲೋನ ಐತವ್ವ, ಒಗಿಯೂದ ಬರಬೇಕು," ಎಂದರು. ಅವಳಿಗೆ ತನ್ನ ಮೇಲೇ ಸಂಶಯ ಬಂದಿತು. "ನನಗ ತಿಳೀಲಿಲ್ರಿ, ಮನ್ಯಾಗ ಏನ್ ಹೇಳ್ಲಿ" ಎಂದು ಮೆಲ್ಲಗೆ ಅಂದು, ಕಲೆ ಒಳಗೆ ಬರುವಂತೆ ಸೀರೆ ಮಡಿಚಿ, ಸೆರಗಿನಲ್ಲಿ ಮುಚ್ಚಿಕೊಂಡು ಇಳಿದು ಹೋದಳು. ನಮ್ಮ ನಾಚಿಕೆಯನ್ನು ಅವಳು ತನ್ನದೆಂದು ಒಯ್ದಳು.

ಸೀರೆ ಹಿಡಿದ ಕೈಯನ್ನು ಅರಿವಿಲ್ಲದೆ ಎದೆಗೆ ಒರೆಸಿಕೊಂಡಿದ್ದೆ. ಬಿಳಿ ಅಂಗಿಯ ಮೇಲೆ ಕೆಂಪು ಮೂಡಿತ್ತು. "ಬದಲಿಸ್ಕೊಂಡು ಬಾ, ಗಿರಾಕಿ ನೋಡತಾರ," ಎಂದರು ಧಣಿ. ನಾನು ಬದಲಿಸಲಿಲ್ಲ. ದೊಡ್ಡದೇನೋ ಮಾಡಿದೆನೆಂದು ಮಧ್ಯಾಹ್ನದವರೆಗೂ ಅನ್ನಿಸುತ್ತಿತ್ತು. ಕಲೆ ಏನೆಂದು ಯಾರಾದರೂ ಕೇಳಲಿ, ಹೇಳಿಬಿಡುತ್ತೇನೆ ಎಂದು ಕಾದೆ. ಗಿರಾಕಿಗಳು ಬಂದರು, ಸೀರೆ ನೋಡಿದರು, ಕೊಂಡರು, ಹೋದರು. ಸಂಜೆ ಬಾಗಿಲು ಹಾಕುವವರೆಗೂ ಯಾರೂ ಕೇಳಲಿಲ್ಲ.

ಮಾಲಕರು ಯಾರಾದರೂ ಕೇಳಲಿ ಎಂದು ಕಾದವರಲ್ಲ.