ಡೇರೆಯೊಳಗೆ ಎದ್ದ ಭಜನೆ

ಸಿನಿಮಾ ನೋಡಿ ಬಂದವರು ಕಥೆ ಹೇಳುತ್ತಾರೆ; ನಾನು ಅದರ ತಪ್ಪು ಎಣಿಸುತ್ತೇನೆ. ಕೆಟ್ಟ ಚಟ. ಆದರೆ ನಿಜಾಮರ ಆಳ್ವಿಕೆ ಮುಗಿದ ಮೂರ್ನಾಲ್ಕು ವರ್ಷಕ್ಕೆ ಮಸ್ಕಿಯ ಹಳ್ಳದ ದಂಡೆಯ ಡೇರೆಯಲ್ಲಿ ನೋಡಿದ ಒಂದು ಹಿಂದಿ ಚಿತ್ರದ ವಿಷಯ ಬಂದರೆ ಮಾತ್ರ ನನ್ನ ಬಾಯಿ ಕಟ್ಟುತ್ತದೆ. ನಾಲ್ಕು ಜನ ಗೆಳೆಯರು ಕೈಯಿಂದ ದುಡ್ಡು ಹಾಕಿ ತೆಗೆದದ್ದಂತೆ. ಹೆಸರುವಾಸಿ ನಟರಿಲ್ಲ, ಕುಣಿತವಿಲ್ಲ. ಡೇರೆಯವನಿಗೆ ಅಗ್ಗಕ್ಕೆ ಸಿಕ್ಕಿರಬೇಕು.

ಜೊತೆಗೆ ಚಿಗವ್ವ, ನಮ್ಮ ಚಿಕ್ಕಪ್ಪನ ಹೆಂಡತಿ, ಬಂದಿದ್ದಳು. ನಿಜಾಮರ ಆಳ್ವಿಕೆ ಮುಗಿದ ಗಲಾಟೆಯ ವರ್ಷ ಅವಳ ಗಂಡ ಅರಳೆ ಮಾರಲು ರಾಯಚೂರಿಗೆ ಹೋದವನು ತಿರುಗಿ ಬರಲಿಲ್ಲ. ದಾರಿಯಲ್ಲಿ ಯಾರೋ ಕೊಂದರು, ಗುರುತಿಲ್ಲದವರು ಮಣ್ಣು ಮಾಡಿದರು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಎದುರು ಭಜನೆ ಹೇಳಿ ಕಳಿಸುವುದು ರೂಢಿ. ಸುದ್ದಿ ಬಂದಾಗ ಚಿಗವ್ವ "ಭಜನಿ ಇಲ್ಲದ ಹೋದ" ಎಂದಷ್ಟೇ ಅಂದಳು. ಓಣಿಗೆಲ್ಲ ಭಜನೆಯ ಪದ ಹೇಳಿಕೊಡುತ್ತಿದ್ದವಳು ಅಂದಿನಿಂದ ಹಾಡಿಗೆ ಬಾಯಿ ತೆರೆದಿರಲಿಲ್ಲ.

ನಡುವೆ ಹಗ್ಗ, ಆಚೆ ಹೆಂಗಸರು, ಈಚೆ ನಾವು. ಹಗ್ಗಕ್ಕೆ ಒತ್ತಿ ಕೂತ ಚಿಗವ್ವನಿಗೆ ನನ್ನ ಪಕ್ಕದ ದರ್ಜಿ ಖಾಸೀಂಸಾಬರು ಕನ್ನಡದಲ್ಲಿ ಅರ್ಥ ಹೇಳುತ್ತಿದ್ದರು, ಚಿತ್ರದಲ್ಲಿ ಇಲ್ಲದ್ದನ್ನೂ ಒಂದಿಷ್ಟು ಸೇರಿಸಿ.

ಕಥೆ ಒಬ್ಬ ಗೌಂಡಿಯದು. ಹೆಂಡತಿ ಅವನ ಅಂಗಿಗೆ ಗುಂಡಿ ಹಚ್ಚುತ್ತಿರುವಾಗ, ಅವನು ಕಟ್ಟುತ್ತಿದ್ದ ಗೋಡೆಯಿಂದ ಬಿದ್ದು ಸತ್ತ ಸುದ್ದಿ ಬರುತ್ತದೆ. ಆಕೆ ಅಳುವುದಿಲ್ಲ. ಗುಂಡಿ ಹಚ್ಚಿ ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿದು, ಆಮೇಲೆ ತಲೆ ಎತ್ತುತ್ತಾಳೆ. ಅಂಥ ನಟನೆಯನ್ನು ನಾನು ಮತ್ತೆ ನೋಡಿಲ್ಲ. ಅಲ್ಲಿಯವರೆಗೆ ಸಾರಂಗಿ ಕೇಳಿಸಿದ ಸಂಗೀತ ನಿರ್ದೇಶಕ ಹೆಣ ಎತ್ತುವಾಗ ಎಲ್ಲ ನಿಲ್ಲಿಸಿಬಿಟ್ಟ. ಬರೀ ಹೆಜ್ಜೆಯ ಸಪ್ಪಳ. ಎಂಥ ಧೈರ್ಯವಪ್ಪಾ ಎಂದು ಮನಸ್ಸಿನಲ್ಲೇ ಶಹಬ್ಬಾಸ್ ಹೇಳಿದೆ.

"ಏನಂತಾರ್ರೀ ಅವರು?" ಚಿಗವ್ವ ಕೇಳಿದಳು.

"ಏನೂ ಅನವಲ್ರವ್ವಾ. ಸುಮ್ಮನ ಹೊಂಟಾರ," ಎಂದರು ಸಾಬರು.

"ಭಜನಿ?"

"ಇಲ್ಲವ್ವಾ."

ಚಿಗವ್ವ ಎದ್ದು ನಿಂತು ಪದ ಎತ್ತಿದಳು. ಮೊದಲು ಒಬ್ಬಳೇ. ಆಮೇಲೆ ಹಗ್ಗದ ಎರಡೂ ಕಡೆಯವರು ದನಿಗೂಡಿಸಿದರು. ಖಾಸೀಂಸಾಬರೂ ಎದ್ದು ನಿಂತರು. ಅಷ್ಟರಲ್ಲಿ ರೀಲು ಮುಗಿಯಿತು. ಒಂದೇ ಮಷಿನ್ನಿನ ಡೇರೆ. ಇನ್ನೊಂದು ರೀಲು ಏರಿಸಬೇಕಾದವನು ಪದ ಮುಗಿಯುವವರೆಗೂ ಕೈಕಟ್ಟಿ ನಿಂತ.

ಮೊದಲು ನನಗೆ ಸಿಟ್ಟೇ ಬಂತು, ಅಷ್ಟು ಚೆಂದದ ಮೌನ ಕೆಟ್ಟಿತಲ್ಲ ಎಂದು. ಆಮೇಲೆ ಚಿಗವ್ವನನ್ನು ನೋಡಿದೆ. ಅಳುತ್ತಲೇ ಹಾಡುತ್ತಿದ್ದಳು. ನನಗೂ ದುಃಖ ತಡೆಯಲಾಗಲಿಲ್ಲ.

ಮನೆಯ ದಾರಿಯಲ್ಲಿ, "ಪಿಚ್ಚರ್ ಹ್ಯಾಂಗಿತ್ತು ಚಿಗವ್ವಾ?" ಎಂದೆ.

"ಮಣ್ಣು ಚಲೋ ಆತು, ತಮ್ಮಾ," ಎಂದಳು.

ಆ ಸಂಗೀತಗಾರನ ಹೆಸರು ಮರೆತಿದ್ದೇನೆ. ಅವನು ಖಾಲಿ ಬಿಟ್ಟ ಜಾಗ ಮಾತ್ರ ನೆನಪಿದೆ. ನಮ್ಮ ಚಿಗಪ್ಪನನ್ನು ಕಳಿಸಿಕೊಡಲು ಅಷ್ಟು ಸಾಕಾಯಿತು.